ಹೊಡೆಯದ ಬೆಲ್

ಜೂನ್ ೩, ಸೋಮವಾರ

ಇವತ್ತೂ ಹತ್ತು ನಿಮಿಷ ಲೇಟು. ಪ್ರೆಸ್ಸಿನಲ್ಲಿ ಶಾಲೆಯ ಹಾಜರಿ ಪುಸ್ತಕಗಳ ರಾಶಿ. ಇನ್ನೂರು ಹೊಲಿದು ಮುಗಿಯಿತು, ರಟ್ಟು ಅಂಟಿಸುವುದು ಬಾಕಿ. ಬೆರಳ ತುಂಬ ಗೋಂದು.

ನಾಳೆಯಿಂದ ಮತ್ತೆ ಚಪ್ಪಲಿ ಅಂಗಡಿ ಸಾಲಿನ ಫುಟ್‌ಪಾತೇ ಗತಿ. ಒನ್‌ವೇ ಸುತ್ತಿಕೊಂಡು ಬಂದರೆ ಆರು ನಿಮಿಷ ದಂಡ. ಸೈಕಲ್ ತಾನೆ, ಲಾರಿಯೇನಲ್ಲವಲ್ಲ.

ಬೆಲ್ಲಿನ ಸ್ಪ್ರಿಂಗ್ ಮುರಿದು ಎರಡು ತಿಂಗಳು. ಹೆಂಡತಿ ಕೇಳಿದಳು, ಬಾಯಲ್ಲೇ ಟ್ರಿಣ್ ಟ್ರಿಣ್ ಅಂದುಕೊಂಡು ಹೋಗುತ್ತೀರಾ ಎಂದು. ನಕ್ಕುಬಿಟ್ಟೆ.

ಜೂನ್ ೬, ಗುರುವಾರ, ಮಧ್ಯಾಹ್ನ

ಇವತ್ತಿನದನ್ನು ಇವತ್ತೇ ಬರೆದುಬಿಡಬೇಕು.

ಬೆಳಿಗ್ಗೆ ಒಂಬತ್ತಕ್ಕೆ. ಫುಟ್‌ಪಾತಿನ ಮೇಲೆ, ಚಪ್ಪಲಿ ಅಂಗಡಿಯ ಎದುರು. ಮುಂದೆ ಯಾರೋ ನಡೆದು ಹೋಗುತ್ತಿದ್ದರು. ಪಕ್ಕದಲ್ಲಿ ಜಾಗ ಇದೆ ಅಂದುಕೊಂಡೆ. ಇರಲಿಲ್ಲ. ಹ್ಯಾಂಡಲ್ ಅವರ ಕೈಚೀಲಕ್ಕೆ ಸಿಕ್ಕಿಕೊಂಡು ಅವರು ಮುಗ್ಗರಿಸಿ ಬಿದ್ದರು. ನೋಡಿದರೆ — ಟೈಪಿಂಗ್ ಟೀಚರ್. ಊರಿನ ಅರ್ಧ ಜನಕ್ಕೆ ಟೈಪಿಂಗ್ ಕಲಿಸಿದವರು. ನನಗೂ. ಅಕ್ಷರ ತಪ್ಪಿ ತಪ್ಪಿ ಹಿಂದೆ ಹೋಗುತ್ತಿದ್ದೆ ಅಂತ ನನಗೆ ಬ್ಯಾಕ್‌ಸ್ಪೇಸ್ ಎಂದು ಹೆಸರಿಟ್ಟವರು. ಈಗಲೂ ಹಾಗೇ ಕರೆಯುತ್ತಾರೆ. ಎಪ್ಪತ್ತೊಂದು ವರ್ಷ. ಬಲಗಿವಿಗೆ ಮಷೀನು. ಅದು ಕಳಚಿ ಚರಂಡಿ ಅಂಚಿಗೆ ಬಿದ್ದಿತ್ತು. ಎತ್ತಿ ಒರೆಸಿ ಕೊಟ್ಟೆ.

ಅಂಗಡಿಯವನು ಓಡಿ ಬಂದ. ‘ಒಂದು ಬೆಲ್ ಹೊಡೀಬಾರದೇನ್ರೀ?’

‘ಹೊಡೆದೆ. ಅವರಿಗೆ ಕೇಳಿಸ್ಲಿಲ್ಲ.’

ಯಾಕೆ ಹಾಗಂದೆನೋ. ಯೋಚಿಸುವ ಮೊದಲೇ ಬಾಯಿಂದ ಜಾರಿತ್ತು. ಟೀಚರ್ ನೆಲದ ಮೇಲೆ ಕೂತೇ ತಲೆಯಾಡಿಸಿದರು. ‘ಹೊಡೆದಿರ್ತಾನೆ. ನನ್ನ ಕಿವೀನೇ ಸರಿ ಇಲ್ಲ.’

ಎಡ ಮಣಿಕಟ್ಟು ಮುರಿದಿದೆ. ನಾನೇ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆರು ವಾರ ಪ್ಲಾಸ್ಟರ್.

ಜೂನ್ ೭, ಶುಕ್ರವಾರ

ಕೆಲಸ ಮುಗಿಸಿ ನೋಡಲು ಹೋಗಿದ್ದೆ. ಟೀಚರ್ ನನ್ನ ಕ್ಷಮೆ ಕೇಳಿದರು. ಅವರು. ನನ್ನ ಕ್ಷಮೆ. ಪಾಪ ನಿನ್ನ ಕೆಲಸ ಕೆಟ್ಟಿತು ಅಂದರು. ಅವರ ಸೊಸೆ ಕೊಟ್ಟ ಟೀ ಅರ್ಧಕ್ಕೇ ಬಿಟ್ಟು ಎದ್ದೆ.

ಬರುವಾಗ ರಿಪೇರಿ ಅಂಗಡಿಯಲ್ಲಿ ಹೊಸ ಬೆಲ್ ಹಾಕಿಸಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಹಳೆಯದನ್ನು ರಿಪೇರಿಯವನು ತಿರುಗಿಸಿ ನೋಡಿ, ಇದು ಸತ್ತು ಬಹಳ ದಿನ ಆಗಿರಬೇಕು ಅಂದ. ಸುತ್ತ ಯಾರಾದರೂ ಕೇಳಿಸಿಕೊಂಡರೋ ಎಂದು ನೋಡಿದೆ.

ಜೂನ್ ೧೯, ಬುಧವಾರ

ಹನ್ನೆರಡು ದಿನ ಈ ಡೈರಿ ಮುಟ್ಟಿಲ್ಲ. ಬರೆದರೆ ಅದನ್ನೇ ಬರೆಯಬೇಕು.

ಈಗ ಒನ್‌ವೇ ಸುತ್ತಿಕೊಂಡೇ ಹೋಗುತ್ತೇನೆ. ಜನ ಇರುವ ಕಡೆ ಇಳಿದು ತಳ್ಳುತ್ತೇನೆ. ಆರು ನಿಮಿಷ ಮೊದಲು ಹೊರಟರೆ ಆಯಿತು, ಅಷ್ಟೇ. ಇಷ್ಟು ಸುಲಭವಿತ್ತು.

ಸಂಜೆ ಟೀಚರ್ ಮನೆಗೆ ಹೋದೆ. ಗೇಟಿಗೆ ಒಳಗಿನಿಂದ ಬೀಗ. ಒಬ್ಬರೇ ಹೊರಗೆ ಹೋಗಕೂಡದೆಂದು ಮಗನ ಕಟ್ಟಪ್ಪಣೆಯಂತೆ. ಇವತ್ತು ಸೈಕಲ್ಲಿನ ಬೆಲ್ ಕೇಳಿಸಲಿಲ್ಲ, ನಾಳೆ ಬಸ್ಸಿನ ಹಾರನ್ ಕೇಳಿಸದಿದ್ದರೆ? ಅವನು ಹೇಳುವುದರಲ್ಲಿ ತಪ್ಪೇನಿದೆ. ನಾನು ಹೇಳಿದ್ದನ್ನು ನಂಬಿದ್ದಾನೆ.

ಇಪ್ಪತ್ತು ವರ್ಷದಿಂದ ದಿನಾ ಬೆಳಿಗ್ಗೆ ಲೈಬ್ರರಿಗೆ ನಡೆದು ಹೋಗುತ್ತಿದ್ದವರು. ಈಗ ವರಾಂಡದ ಕುರ್ಚಿಯಲ್ಲಿ. ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಹೋದ ವರ್ಷ ಎಷ್ಟು ಕೇಳುತ್ತಿತ್ತೋ ಈಗಲೂ ಅಷ್ಟೇ ಕೇಳುತ್ತಿದೆ ಅಂದರಂತೆ. ಮಗ ನಂಬಲಿಲ್ಲ. ಟೀಚರೂ ನಂಬಲಿಲ್ಲ.

‘ಫೋನ್ ರಿಂಗಾದ್ರೂ ನಿಜವಾಗ್ಲೂ ಆಯ್ತಾ ಅಂತ ಸೊಸೇನ ಕೇಳ್ತೀನಿ ಕಣೋ. ಬೆಲ್ ಸದ್ದೇ ಗೊತ್ತಾಗ್ಲಿಲ್ಲ ಅಂದ್ರೆ ಇನ್ನೇನೇನು ತಪ್ಪಿಸ್ಕೊಳ್ತಿದೀನೋ.’

ಆಗಲೇ ಹೇಳಬೇಕಿತ್ತು. ಹವಾಮಾನದ ಬಗ್ಗೆ ಏನೋ ಮಾತಾಡಿ ಎದ್ದು ಬಂದೆ.

ಜೂನ್ ೨೦, ಗುರುವಾರ

ಹೆಂಡತಿಗೆ ಹೇಳಿದೆ. ಪಾತ್ರೆ ಒರೆಸುತ್ತಿದ್ದವಳು ಒರೆಸುತ್ತಲೇ ಇದ್ದಳು. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ‘ಇದನ್ನ ಹೇಳ್ಬೇಕಾದ್ದು ನನಗಲ್ಲ’ ಅಂದಳು.

ಜೂನ್ ೨೩, ಭಾನುವಾರ

ಹೋದೆ. ಗೇಟಿನ ತನಕ. ಮಗ ಹೊರಗೇ ಸಿಕ್ಕಿದ, ಕೈ ಹಿಡಿದುಕೊಂಡ. ಬೇರೆಯವರಾಗಿದ್ದರೆ ಬಿಟ್ಟು ಓಡಿಹೋಗುತ್ತಿದ್ದರು, ನೀವು ಆಸ್ಪತ್ರೆ ತನಕ ಬಂದಿರಿ, ಬಹಳ ಥ್ಯಾಂಕ್ಸ್ ಅಂದ.

ಪರವಾಗಿಲ್ಲ ಅಂದೆ. ಪರವಾಗಿಲ್ಲ! ಥೂ.

ಜೂನ್ ೩೦, ಭಾನುವಾರ, ಸಂಜೆ

ಹೇಳಿದೆ.

ಟೀಚರ್ ಕುರ್ಚಿಯಲ್ಲಿ, ಮಗ ಬಾಗಿಲಲ್ಲಿ ನಿಂತಿದ್ದ. ಕೂತರೆ ಧೈರ್ಯ ಹೋಗುತ್ತದೆಂದು ನಿಂತೇ ಹೇಳಿದೆ. ‘ಟೀಚರ್, ಅವತ್ತು ನಾನು ಬೆಲ್ ಹೊಡೀಲಿಲ್ಲ. ಬೆಲ್ ಕೆಟ್ಟು ಎರಡು ತಿಂಗಳಾಗಿತ್ತು. ಫುಟ್‌ಪಾತ್ ಮೇಲೆ ಸೈಕಲ್ ಹತ್ತಿಸಿದ್ದೂ ನಾನೇ. ನಿಮ್ಮದೇನೂ ತಪ್ಪಿಲ್ಲ.’

ಮಗನ ಮುಖ ಕೆಂಪಾಯಿತು. ನಿಮಗೆ ಥ್ಯಾಂಕ್ಸ್ ಬೇರೆ ಹೇಳಿದೆನಲ್ಲ ಎಂದು ಶುರು ಮಾಡಿದ. ಟೀಚರ್ ಸರಿಯಿದ್ದ ಕೈ ಎತ್ತಿ ತಡೆದರು.

‘ಇನ್ನೊಂದ್ಸಲ ಹೇಳು.’

ಗಟ್ಟಿಯಾಗಿ ಹೇಳಿದೆ.

‘ಕೂಗ್ಬೇಡ. ನಂಗೆ ಮೊದಲ ಸಲವೇ ಕೇಳಿಸ್ತು. ಇವನಿಗೆ ಸರಿಯಾಗಿ ಕೇಳಿಸ್ಲಿ ಅಂತ ಹೇಳಿಸ್ದೆ.’ ಮಗನ ಕಡೆ ಕೈಚಾಚಿದರು. ‘ಗೇಟಿನ ಬೀಗದ ಕೈ ಕೊಡು.’

ಅವನು ಜೇಬಿಗೆ ಕೈ ಹಾಕುವ ತನಕ ಕಾದರು. ಕೀ ಸೆರಗಿನ ತುದಿಗೆ ಸುತ್ತಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. ಬ್ಯಾಕ್‌ಸ್ಪೇಸ್ ಅನ್ನಲಿಲ್ಲ. ‘ಮೂಳೆ ಕೂಡುತ್ತೆ ಬಿಡು. ಇಪ್ಪತ್ನಾಲ್ಕು ದಿನ ನನ್ನ ಕಿವೀನ ನಾನೇ ನಂಬ್ಲಿಲ್ವಲ್ಲೋ. ವಯಸ್ಸು ಮುಗೀತು ಅಂದ್ಕೊಂಡೆ. ದಿನಾ ಬಂದು ಎದುರಿಗೆ ಕೂತು ನೋಡಿದೀಯ.’

ದಿನಾ ಬಂದಿರಲಿಲ್ಲ. ತಿದ್ದಲಿಲ್ಲ.

‘ಈಗ ಹೋಗು’ ಅಂದರು. ಜೋರಾಗಿ ಅಲ್ಲ.

ಎದೆ ಹಗುರಾಗುತ್ತದೆ ಅನ್ನುತ್ತಾರಲ್ಲ, ಸುಳ್ಳು.

ಜುಲೈ ೨೨, ಸೋಮವಾರ, ಬೆಳಿಗ್ಗೆ ೯:೨೦, ಪ್ರೆಸ್ಸಿನಲ್ಲಿ

ಇನ್ನೂ ಕೆಲಸಕ್ಕೆ ಕೈ ಹಾಕಿಲ್ಲ. ಟೀಚರನ್ನು ಕಂಡೆ. ಪ್ಲಾಸ್ಟರ್ ತೆಗೆದಿದ್ದಾರೆ. ಒಬ್ಬರೇ ಲೈಬ್ರರಿ ಕಡೆ ಹೊರಟಿದ್ದರು, ಕೈಚೀಲದಲ್ಲಿ ಎರಡು ಪುಸ್ತಕ. ಸಂತೋಷವಾಯಿತು. ಇಳಿದು ಸೈಕಲ್ ತಳ್ಳಿಕೊಂಡು ರಸ್ತೆಯ ಅಂಚಿನಲ್ಲಿ ನಡೆದೆ, ಇಪ್ಪತ್ತು ಹೆಜ್ಜೆ ಹಿಂದೆ.

ಆಗ ನೋಡಿದೆ. ನಾಲ್ಕು ಹೆಜ್ಜೆ ಇಡುತ್ತಾರೆ, ಹಿಂದೆ ತಿರುಗುತ್ತಾರೆ. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ತಿರುಗುತ್ತಾರೆ. ಒಬ್ಬ ಹುಡುಗಿ ಓಡುತ್ತ ಬಂದಳು, ಬರಿಗಾಲಲ್ಲಿ, ಅಷ್ಟಕ್ಕೇ ಗೋಡೆಗೆ ಒತ್ತಿ ನಿಂತರು. ಆ ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡು.

ದೂರದ ಕಣ್ಣು ಮಂಜು ಅವರಿಗೆ. ಯಾರೋ ಸೈಕಲ್ಲಿನವನು ಎಂದಷ್ಟೇ ಕಂಡಿರಬೇಕು. ನಾನು ದಾಟಿ ಹೋಗಲಿ ಎಂದು ಗೋಡೆಗೆ ಒತ್ತಿಕೊಂಡೇ ಕಾಯುತ್ತಿದ್ದರು. ನಾನೂ ನಿಂತೆ. ಹೆದರಬೇಡಿ ಟೀಚರ್, ನಾನೇ — ಎನ್ನಲು ಬಾಯಿ ತೆರೆದೆ. ಆದರೆ ನಾನೇ ಎಂದರೆ ಅವರ ಹೆದರಿಕೆ ಹೋಗುತ್ತದೆಯೇ, ಹೆಚ್ಚುತ್ತದೆಯೇ? ಸೈಕಲ್ ಹಿಂದಕ್ಕೆ ತಿರುಗಿಸಿಕೊಂಡು ಬೇರೆ ಬೀದಿಯಿಂದ ಪ್ರೆಸ್ಸಿಗೆ ಬಂದೆ.