ನಾವೇ ಟವಲು

ಕರಿಗುಡ್ಡ ತಾಂಡಾ,
ಶಿವರಾತ್ರಿ ಕಳೆದ ಸೋಮವಾರ

ಮಗ ರೂಪಸಿಂಗನಿಗೆ, ಸೊಸೆ ಚಾಂದಿಗೆ, ನಿಮ್ಮ ಜೊತೆ ಕಬ್ಬು ಕಡಿಯುತ್ತಿರುವ ದೊಡ್ಡ ಮೊಮ್ಮಗಳು ಕಸ್ತೂರಿಗೆ ಸೀತ್ಲಿಬಾಯಿಯ ಆಶೀರ್ವಾದ.

ನೀವು ಹೋದಮೇಲೆ ಇದೇ ಮೊದಲ ಕಾಗದ. ತಡವಾಯಿತು, ಬೈದುಕೋ. ಫೋನಿನಲ್ಲಿ ಹೇಳೋಣವೆಂದರೆ ಎರಡು ಸಲ ಹೂಂ ಅಂದು ಇಟ್ಟುಬಿಡುತ್ತೀ. ಅದಕ್ಕೇ ಬರೆದು ನಿಮ್ಮನ್ನು ಕಬ್ಬಿಗೆ ಕರೆದೊಯ್ದ ಮುಕಾದಮನ ಟ್ರ್ಯಾಕ್ಟರಿನವನ ಕೈಗೆ ಕೊಟ್ಟಿದ್ದೇನೆ. ನಾನು ಕಲಿತ ಮೂರನೇ ಇಯತ್ತೆಗೆ ಅಕ್ಷರ ಇಷ್ಟೇ ದುಂಡಗೆ ಬರುವುದು.

ಸುದ್ದಿ ಮೊದಲೇ ಹೇಳುತ್ತೇನೆ, ಕಡೆತನಕ ಓದುವವನಲ್ಲ ನೀನು. ನಮ್ಮ ತಾಂಡಾಕ್ಕೆ ಬಸ್ಸು ಖಾಯಂ ಆಯಿತು. ಕಸ್ತೂರಿಯ ತಂಗಿ ಪಲ್ಲವಿ ಏಳನೆಯದು ಮುಗಿಸಿ ಜೂನಿನಿಂದ ಪೇಟೆಯ ಹೈಸ್ಕೂಲಿಗೆ ಹೋಗುತ್ತಾಳೆ. ಬರುವ ವರ್ಷ ಅವಳನ್ನೂ ಕಬ್ಬಿಗೆ ಕರೆದೊಯ್ಯುವ ಮಾತು ಇನ್ನು ಎತ್ತಬೇಡ.

ದೀಪಾವಳಿ ಮುಗಿಸಿ ನೀವು ಲಾರಿ ಹತ್ತಿದ ಮೇಲೆ ತಾಂಡಾದ ನಾಯಕ ಬಸ್ಸು ಬೇಕೆಂದು ಮತ್ತೆ ಡಿಪೋಗೆ ಹೋಗಿ ಅಂಗಲಾಚಿದ. ನಿಮ್ಮ ತಾಂಡಾದಲ್ಲಿ ಜನವೇ ಇಲ್ಲವಲ್ಲ ಎಂದನಂತೆ ಅಲ್ಲಿಯ ಸಾಹೇಬ. ಅವನನ್ನು ಬೈದು ಏನು ಮಾಡುವುದು? ತಲೆ ಎಣಿಸುವವರು ಬಂದದ್ದೇ ಕಬ್ಬಿನ ಕಾಲದಲ್ಲಿ. ಬೀಗಗಳನ್ನು ನೋಡಿಕೊಂಡು ಹೋದರು. ಸರ್ಕಾರದ ಲೆಕ್ಕದಲ್ಲಿ ಈ ತಾಂಡಾ ಅಂದರೆ ನಾವೊಂದಿಷ್ಟು ಮುದುಕಿಯರು, ಮಕ್ಕಳು. ಕಡೆಗೆ ಸಾಹೇಬ ಶಿವರಾತ್ರಿತನಕ ಬಸ್ಸು ಬಿಟ್ಟು ನೋಡುತ್ತೇನೆ, ಹತ್ತುವವರಿಲ್ಲದಿದ್ದರೆ ನಿಲ್ಲಿಸುತ್ತೇನೆ ಎಂದ.

ಬಸ್ಸು ಖಾಲಿ ಬಂತು, ಖಾಲಿ ಹೋಯಿತು. ನಾಯಕ ತಲೆಯ ಮೇಲೆ ಕೈಹೊತ್ತು ಕೂತ. ಹೆಂಗಸರಿಗೆ ಟಿಕೆಟು ಪುಕ್ಕಟೆ ಎಂಬುದು ಆ ಗಂಡಸಿಗೆ ಎಲ್ಲಿ ಹೊಳೆಯಬೇಕು? ಮೊಣಕಾಲು ಹಿಡಿದ ಹುನಿಬಾಯಿಯನ್ನು ಎಬ್ಬಿಸಿದೆ, ಉಳಿದ ಮುದುಕಿಯರನ್ನೂ ಹೊರಡಿಸಿದೆ. ದಿನಾ ಬೆಳಿಗ್ಗೆ ಪೇಟೆಗೆ ಹೋಗುವುದು, ಹೈಸ್ಕೂಲಿನ ಎದುರಿನ ಬಸ್‌ಸ್ಟ್ಯಾಂಡಿನಲ್ಲಿ ಕೂತು ಶೇಂಗಾ ಸುಲಿಯುವುದು, ರವಿಕೆಗೆ ಕನ್ನಡಿ ಹೊಲಿಯುವುದು, ಸಂಜೆ ಬರುವುದು.

ಕಂಡಕ್ಟರ್ ಸಂಗಣ್ಣನಿಗೆ ತಡೆಯಲಿಲ್ಲ. "ಯವ್ವಾ, ದಿನಾ ಎಲ್ಲಿಗೆ ಹೊಂಟೀರಿ? ಪ್ಯಾಟ್ಯಾಗ ಬೀಗರದಾರೇನು?"

"ನಿನಗ ಹೆಣ್ಣು ನೋಡಾಕ ಹೊಂಟೀವಿ. ನಿನ್ನ ಮಾರಿ ಹೆಂಗೈತಿ ಅಂತ ಹೇಳಿದ ಕೂಡ್ಲೇ ಒಲ್ಲೆ ಅಂತಾರ, ಅದಕ್ಕ ದಿನಾ ಹೋಗಬೇಕಾಗೇತಿ," ಅಂದೆ.

ಶಿವರಾತ್ರಿ ಹತ್ತಿರ ಬಂದಾಗ ಒಂದು ದಿನ ಸಾಹೇಬನೇ ಹತ್ತಿದ. ಯಾರೋ ಚಾಡಿ ಹೇಳಿದ್ದರು. ನೀವು ಕೆಲಸವಿಲ್ಲದೆ ತಿರುಗುತ್ತೀರಂತೆ ಎಂದು ಕೇಳಿದ. ಹುನಿಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಸ್ಪತ್ರೆ, ಸಂತೆ ಅಂತ ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ.

"ಹೌದ್ರಿ ಸಾಹೇಬ್ರ, ಸುಮ್ನ ತಿರಗತೀವಿ," ಅಂದೆ. "ಸೀಟು ಹಿಡ್ಯಾಕ ಮಂದಿ ಕಿಡಕ್ಯಾಗಿಂದ ಟವಲು ಒಗಿಯೂದಿಲ್ಲೇನ್ರಿ? ನಮ್ಮ ಮಂದಿ ಕಬ್ಬು ಕಡದು ಹೋಳಿ ಹಬ್ಬಕ್ಕ ಬರತಾರ, ಹುಡುಗ್ಯಾರು ಜೂನದಾಗ ಸಾಲಿಗೆ ಹೋಗತಾರ. ಅಲ್ಲೀತನಾ ನಾವ ಟವಲು."

ಸಾಹೇಬ ನಗಲಿಲ್ಲ. ಇಳಿಯುವಾಗ ಸಂಗಣ್ಣನ ಕಡೆ ತಿರುಗಿ, ಹೈಸ್ಕೂಲಿನ ಗಂಟೆಗೆ ಮುಂಚೆ ಮುಟ್ಟುವ ಹಾಗೆ ಈ ಬಸ್ಸು ಬೇಗ ಬಿಡಬೇಕು ಎಂದ. ಅಷ್ಟೇ. ಮೊನ್ನೆ ಬಸ್ಸು ಖಾಯಂ ಎಂದು ಆರ್ಡರು ಬಂತು. ಎಷ್ಟೋ ದಿನದ ಮೇಲೆ ನಾನು ಹೊಟ್ಟೆತುಂಬ ರೊಟ್ಟಿ ತಿಂದೆ. ಹುನಿಬಾಯಿ ಮಾತ್ರ ಇವತ್ತೂ ತಲೆ ಬಾಚಿಕೊಂಡು ಬೇವಿನ ಮರದ ಕೆಳಗೆ ನಿಂತಿದ್ದಳು.

ಕೈಕಾಲು ಜೋಪಾನ. ಕಬ್ಬಿನ ಸೋಗೆಯಲ್ಲಿ ಹಾವುಗಳಿರುತ್ತವೆ, ನೋಡಿ ಕಾಲಿಡಿ. ಸೇವಾಲಾಲ ನಿಮ್ಮನ್ನು ಇದ್ದ ಹಾಗೇ ಮನೆಗೆ ತರಲಿ. ಈ ಸಲ ದೊಡ್ಡ ರಸ್ತೆಯಿಂದ ಗಂಟು ಹೊತ್ತು ನಡೆಯಬೇಡಿ, ಬಸ್ಸಿನಲ್ಲಿ ಬನ್ನಿ.

ನಿನ್ನ ಹೆತ್ತ ಯಾಡಿ,
ಸೀತ್ಲಿಬಾಯಿ

ಮರೆತ ಮಾತು: ನಾನು ದಿನಾ ಶೇಂಗಾ ತುಂಬಿಕೊಂಡು ಹೋಗುತ್ತಿದ್ದದ್ದು ಕಸ್ತೂರಿಯ ಶಾಲೆಯ ಚೀಲದಲ್ಲಿ. ಬಸ್ಸಿಲ್ಲವೆಂದು ಅವಳನ್ನು ಏಳನೆಯದಕ್ಕೇ ಬಿಡಿಸಿ ಕರೆದೊಯ್ದೆಯಲ್ಲ, ಅವತ್ತು ಅವಳೇ ಅದನ್ನು ಗೂಟಕ್ಕೆ ಹಾಕಿ, "ಯಾರಿಗೂ ಕೊಡಬ್ಯಾಡ ದಾದಿ, ಬಂದು ತಗೋತೀನಿ," ಅಂದಿದ್ದಳು. ನಾನು ಕೊಟ್ಟಿಲ್ಲ. ಚೀಲವಾದರೂ ಹೈಸ್ಕೂಲಿನ ಬಾಗಿಲು ನೋಡಲಿ ಎಂದು ಹೊತ್ತೆ. ಈಗ ಪಲ್ಲವಿ ಅದನ್ನು ಕೇಳುತ್ತಿದ್ದಾಳೆ. ನೀನು ಹೂಂ ಅನ್ನಬೇಡ, ಚಾಂದಿಯೂ ಅನ್ನಬಾರದು. ಕಸ್ತೂರಿಯನ್ನು ಕೇಳು. ಅವಳು ಹೇಳುವತನಕ ಅದು ಗೂಟದಲ್ಲೇ ಇರುತ್ತದೆ.