ಜೇಬಿನಲ್ಲಿ ಎರಡು ಲಾಳ

ಅಳಿಯ ಥರ್ಮನ್,

ಇಡೀ ಮಿಸಿಸಿಪಿಯಲ್ಲಿ ನೀರಡಿಕೆಯನ್ನು ಗೆದ್ದ ಗಂಡಸು ನಾನೊಬ್ಬನೇ. ಒಂಟೆಯೂ ನನ್ನ ಬಳಿ ಪಾಠ ಕೇಳಬೇಕು. ಆದರೂ ಈ ಮೆಂಫಿಸ್ ಸಾಕಾಗಿ ಹೋಯಿತು. ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುವ ಹೊಸ ಯಂತ್ರ ಕಲಿಯಲು ಬಂದ ನಾವು, ಮುಂದಿನ ಸರದಿಯೊಳಗೆ ಯಾರು ನೀರಡಿಕೆ ತಡೆದು ಮೈಯಲ್ಲಿ ನೀರಿನ ತೂಕ ಕಡಿಮೆ ಏರಿಸಿಕೊಳ್ಳುತ್ತಾರೆಂದು ಪಣ ಕಟ್ಟಿದ್ದೆವು. ಡಯಾಲಿಸಿಸ್ ಮುಗಿಸಿ ಹೊರಡುವಾಗಲೇ ತೂಕ ಹೆಚ್ಚಿದ್ದರೆ ಆಮೇಲೆ ಏರಿದ್ದು ಕಾಣದೆಂದು, ಜೇಬಿನಲ್ಲಿ ಎರಡು ಕುದುರೆ ಲಾಳ ಇಟ್ಟು ತಕ್ಕಡಿ ಹತ್ತಿದೆ. ನರ್ಸ್ ವರ್ನೀಸ್, "ಇನ್ನೂ ನೀರು ಉಳ್ಕೊಂಡಿದೆ ದೊಡ್ಡಪ್ಪ, ಮತ್ತೆ ಕೂತ್ಕೋ" ಎಂದು ಯಂತ್ರಕ್ಕೆ ಸಿಕ್ಕಿಸಿದಳು. ಇಲ್ಲದ ನೀರನ್ನು ಹಿಂಡಿದಾಗ ಕಾಲು ಸೆಟೆದು ಒದ್ದಾಡಿದೆ. ಲಾಳಗಳು ಠಣ್ಣೆಂದು ಉದುರಿದವು. ಪಕ್ಕದ ಕುರ್ಚಿಯ ಆರ್ಡೆಲ್, "ಕುದುರೆ ಎಲ್ಲಿ ಕಟ್ಟಿದ್ದೀಯೋ?" ಅಂದ. ತೂಕದಲ್ಲಿ ಸುಳ್ಳಾಡುವವನ ಕೈಗೆ ಯಂತ್ರ ಕೊಡುವುದಿಲ್ಲವೆಂದು ಇನ್ನೊಂದು ತಿಂಗಳು ಇಲ್ಲೇ ಇರಿಸಿದ್ದಾರೆ. ಕಾಲು ನೆಟ್ಟಗಾಗಿದೆ. ಪಣದಲ್ಲಿ ಐದು ಡಾಲರ್ ಹೋಯಿತೆಂದು ನಿಮ್ಮಮ್ಮನಿಗೆ ಹೇಳಿದ್ದೇನೆ.

ಅವಸರದಲ್ಲಿ, ನಿನ್ನ ಸೋದರಮಾವ ಹೊರೇಸ್.

ಹೋದದ್ದು ಅರವತ್ತು.