ಕೌದಿ ನಡುವ ಹೊಲಿದವರು ಯಾರು?

ಕಾಜಲ್‌ಳ ಅಪ್ಪಾರಿಗೆ,

ನಾ ಕರಜಗಿಗೆ ತಂಗಿ ಮನಿಗೆ ಹೊಂಟೇನಿ, ಸಂಜೀಕ ಬರ್ತೀನಿ. ರೊಟ್ಟಿ ಬುಟ್ಟ್ಯಾಗ ಅದಾವ, ಪಲ್ಯ ಬಿಸಿ ಮಾಡ್ಕೋರಿ. ಕುರಿಮರಿಗೆ ನೀರಿಡ್ರಿ.

ಇನ್ನ ಕೌದಿ ಮಾತು. ಹಳೇ ಸೀರಿ ತುಂಡು ಬಣ್ಣ ನೋಡಿ ಜೋಡಿಸೂದಂದ್ರ ನನಗ ಭಾಳ ಸೇರ್ತದ. ನಡುವ ಹೊಲಿಯೂದು ಮಾತ್ರ ಬ್ಯಾಸರ, ಬಗ್ಗಿ ಬಗ್ಗಿ ಸೊಂಟ ಹಿಡೀತದ. ಅದಕ್ಕ ತಿಂಗಳಿಂದ ಹಂಗ ಬಿಟ್ಟಿದ್ನಿ. ನಿನ್ನಿ ಹಾಸಿ ನೋಡಿದ್ರ ನಡುವ ಅರ್ಧ ಹೊಲದಾಗ್ಯದ! ಕೇಳಿದ್ರ, "ಮೊನ್ನಿ ಬಾಜೂ ಮನಿ ಅಕ್ಕವ್ವ ಬಂದು ಹೊಲದು ಹೋದ್ಲು" ಅಂದ್ರಿ. ಅಕ್ಕವ್ವ ಮಗಳ ಬಾಣಂತನಕ್ಕ ಡಫಳಾಪುರಕ್ಕ ಹೋಗಿ ಎಂಟು ದಿನಾ ಆತು. ನಿಮ್ಮ ಬೆರಳಿಗೆ ಚುಚ್ಚಿದ ಗಾಯ ಅದಾವಲ್ಲ, ಏನಾತ್ರಿ ಅಂದ್ರ, "ಜಾಲಿಮುಳ್ಳು" ಅಂದ್ರಿ. ಮುಳ್ಳು ಒಂದ ಬೆರಳಿಗೆ ಏಳು ಸಲ ಚುಚ್ಚತದೇನ್ರಿ? ನನ್ನ ಸಂಶೇ ಹೋಗವಲ್ದು.

ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ. ಇನ್ನ ನಾಕು ಸಾಲು ಉಳದಾವ. ಚಾಳೀಸು ಹಾಕ್ಕೊಂಡ್ರೂ ನಿಮಗ ಸೂಜಿ ಕಣ್ಣು ಕಾಣಂಗಿಲ್ಲ. ಅದಕ್ಕ ಸಾಲಿಗೊಂದರಂಗ ನಾಕು ಸೂಜಿಗೆ ದಾರ ಪೋಣಿಸಿ ಕೌದಿ ಮ್ಯಾಲ ಚುಚ್ಚಿ ಇಟ್ಟೇನಿ. ಬಾಗಲಕ್ಕ ಒಳಗಿಂದ ಚಿಲಕ ಹಾಕ್ಕೊಂಡು ಕುಂದ್ರಿ.

ಇಂದ್ರಾ